ರಕ್ತದೊಳಗಿನ ನೀರುಗಂಟಿಗಳು

ಈ ಸಂಚಿಕೆಗೆ ಆರಿಸಿದ ನಾಲ್ಕು ಪತ್ರಗಳು ನಾಲ್ಕು ಊರುಗಳಿಂದ ಬಂದಿವೆ. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ, ಕೇಳಿರುವುದೂ ಬೇರೆಬೇರೆಯೇ. ಆದರೂ ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದಕ್ಕೆ ಸರಿಯಾಗಿ ಉತ್ತರಿಸಿದರೆ ಉಳಿದವಕ್ಕೆ ಅರ್ಧ ಉತ್ತರ ಹೇಳಿದಂತೆಯೇ.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ದೇಹದ ಎಲ್ಲ ಜೀವಕೋಶಗಳಲ್ಲೂ ಒಂದೇ ಡಿಎನ್‌ಎ ಇದೆ, ಎಲ್ಲ ರಕ್ತಕಣಗಳೂ ಮೂಳೆಮಜ್ಜೆಯ ಒಂದೇ ಬಗೆಯ ಆಕರಕೋಶದಿಂದ ಹುಟ್ಟುತ್ತವೆ ಎಂದು ಓದಿದೆ. ಹಾಗಾದರೆ ಒಂದು ಕೋಶಕ್ಕೆ ನೀನು ಬಿ ಕೋಶವಾಗು, ಇನ್ನೊಂದಕ್ಕೆ ನೀನು ಟಿ ಕೋಶವಾಗು ಎಂದು ಹೇಳುವವರು ಯಾರು? 'ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್' ಎಂಬ ಹೆಸರು ಗೊತ್ತಾಯಿತು, ವಿಷಯ ಗೊತ್ತಾಗಲಿಲ್ಲ.

ಉತ್ತರ: ಮಗಳೇ, ನಿನ್ನ ಕೊನೆಯ ವಾಕ್ಯಕ್ಕಾಗಿಯೇ ಈ ಪತ್ರವನ್ನು ಮೊದಲಿಗೆ ಇಟ್ಟೆ.

ಮೈಸೂರಿನಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ 31 ವರ್ಷ ಕೆಲಸ ಮಾಡಿದವಳು ನಾನು. ಆದ್ದರಿಂದ ಗಾಜಿನ ಪಟ್ಟಿಯಿಂದಲೇ ಶುರು ಮಾಡುತ್ತೇನೆ. ಸ್ಲೈಡಿನ ಒಂದು ತುದಿಗೆ ಸಾಸಿವೆಕಾಳಿಗಿಂತ ತುಸು ದೊಡ್ಡ ರಕ್ತದ ಹನಿ. ಇನ್ನೊಂದು ಸ್ಲೈಡಿನ ಅಂಚನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸಬೇಕು. ಹನಿ ಅಂಚಿನುದ್ದಕ್ಕೂ ಹರಡಿದ ಕ್ಷಣದಲ್ಲಿ ಕೈ ನಡುಗದಂತೆ ಒಂದೇ ಸಲಕ್ಕೆ ಮುಂದಕ್ಕೆ ತಳ್ಳಬೇಕು. ರಕ್ತ ನಾಲಿಗೆಯ ಆಕಾರದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ಒಣಗಿದ ಮೇಲೆ ಲೀಷ್‌ಮನ್ ಬಣ್ಣ ಹಾಕಿ ಎರಡು ನಿಮಿಷ ಬಿಟ್ಟು, ಅದರ ಎರಡರಷ್ಟು ಬಫರ್ ನೀರು ಬೆರೆಸಿ ಸುಮಾರು ಹತ್ತು ನಿಮಿಷ ಕಾಯಬೇಕು. ತೊಳೆದು, ಎಣ್ಣೆಯ ಹನಿ ಇಟ್ಟು, ಸೂಕ್ಷ್ಮದರ್ಶಕದ ನೂರರ ಮಸೂರದಲ್ಲಿ ನೋಡಿದರೆ ನಸುಗೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ಬಿಳಿಕಣ. ನ್ಯೂಟ್ರೋಫಿಲ್‌ನ ಕೋಶಕೇಂದ್ರ ಮೂರು ನಾಲ್ಕು ಎಸಳಾಗಿ ಸೀಳಿರುತ್ತದೆ. ಇಯೊಸಿನೋಫಿಲ್‌ನ ಮೈತುಂಬ ಕಿತ್ತಳೆ ಬಣ್ಣದ ಕಾಳುಗಳು. ಮಾನೋಸೈಟ್ ಎಲ್ಲಕ್ಕಿಂತ ದೊಡ್ಡದು, ಅದರ ಕೇಂದ್ರ ಅವರೆಕಾಳಿನಂತೆ ಒಂದು ಕಡೆ ಬಾಗಿರುತ್ತದೆ. ಲಿಂಫೋಸೈಟ್‌ನದು ದುಂಡಗೆ, ದಟ್ಟ.

ನೀನು ಕೇಳಿದ ಬಿ ಕೋಶ, ಟಿ ಕೋಶ ಎರಡೂ ಈ ದುಂಡನೆಯ ಲಿಂಫೋಸೈಟ್‌ಗಳೇ. ಇಷ್ಟು ವರ್ಷ ನೋಡಿದ ನನ್ನ ಕಣ್ಣಿಗೂ ಈ ಬಣ್ಣದಲ್ಲಿ ಅವೆರಡರ ವ್ಯತ್ಯಾಸ ಕಾಣುವುದಿಲ್ಲ. ಬಿ ಕೋಶ ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯ ಎಂಬ ಪ್ರೋಟೀನ್ ತಯಾರಿಸುತ್ತದೆ, ಟಿ ಕೋಶ ಸೋಂಕು ತಗಲಿದ ಕೋಶವನ್ನು ಹುಡುಕಿ ಕೊಲ್ಲುತ್ತದೆ ಅಥವಾ ಇತರ ಕೋಶಗಳಿಗೆ ನಿರ್ದೇಶನ ಕೊಡುತ್ತದೆ. ಕೆಲಸದಲ್ಲಿ ಅಷ್ಟು ದೂರ, ನೋಟಕ್ಕೆ ಅವಳಿ. ವ್ಯತ್ಯಾಸವಿರುವುದು ಒಳಗೆ ಯಾವ ಜೀನ್ ತೆರೆದಿದೆ, ಯಾವುದು ಮುಚ್ಚಿದೆ ಎಂಬಲ್ಲಿ.

ನಮ್ಮ ಊರು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲು. ಹಳಬರು ಅದನ್ನು ಇರ್ವಿನ್ ನಾಲೆ ಎಂದೇ ಕರೆಯುತ್ತಿದ್ದರು. ಅಪ್ಪ ಅಲ್ಲಿ ನೀರುಗಂಟಿ. ಕನ್ನಂಬಾಡಿ ಕಟ್ಟೆಯಿಂದ ಬರುವುದು ಒಂದೇ ನೀರು, ಆದರೆ ಒಂದು ತೂಬಿನ ಕೆಳಗೆ ಭತ್ತ, ಇನ್ನೊಂದರ ಕೆಳಗೆ ಕಬ್ಬು, ತೂಬು ತೆರೆಯದ ಕಡೆ ಹುರುಳಿ. ಹೆಗಲ ಮೇಲೆ ಕಬ್ಬಿಣದ ಹಿಡಿಯೊಂದನ್ನು ಇಟ್ಟುಕೊಂಡು ಅಪ್ಪ ಹೊರಡುತ್ತಿದ್ದರು. ಅದನ್ನು ತೂಬಿನ ತಿರುಪಿಗೆ ಸಿಕ್ಕಿಸಿ ತಿರುಗಿಸಿದರೆ ಬಾಗಿಲು ಕಿರ್‍ರೆಂದು ಮೇಲೇಳುತ್ತಿತ್ತು. ನಡುರಾತ್ರಿ ಲಾಟೀನು ಹಿಡಿದು ಹೋಗುತ್ತಿದ್ದದ್ದು ಮಾತ್ರ ತೆರೆಯಲಿಕ್ಕಲ್ಲ, ಮುಚ್ಚಲಿಕ್ಕೆ. "ತೆರೆಯುವುದಕ್ಕೆ ಹತ್ತು ಜನ ಬರುತ್ತಾರೆ, ಮುಚ್ಚುವುದಕ್ಕೆ ನಾನೊಬ್ಬನೇ" ಎನ್ನುತ್ತಿದ್ದರು. ಆ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದರೆ ಡಿಎನ್‌ಎಯ ನೀರುಗಂಟಿ. ಅದೊಂದು ಪ್ರೋಟೀನ್. ನಮ್ಮಲ್ಲಿ ಪ್ರೋಟೀನ್ ತಯಾರಿಸುವ ಸೂಚನೆಯಿರುವ ಜೀನ್‌ಗಳು ಸುಮಾರು 20,000. ಈ ನೀರುಗಂಟಿಗಳ ಬಗೆಗಳು ಸುಮಾರು 1,600. ಪ್ರತಿಯೊಂದೂ ಡಿಎನ್‌ಎಯ ಮೇಲೆ ತನ್ನದೇ ಆದ ಚಿಕ್ಕ ಅಕ್ಷರಸಾಲನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿಕೊಂಡು ಹತ್ತಿರದ ಜೀನ್ ಅನ್ನು ಓದುವ ಕಿಣ್ವವನ್ನು ಕರೆತರುತ್ತದೆ, ಇಲ್ಲವೇ ಬರದಂತೆ ತಡೆಯುತ್ತದೆ. ಗಾಟಾ-1 ಎಂಬ ಫ್ಯಾಕ್ಟರಿಗೆ ಆ ಹೆಸರು ಬಂದದ್ದೇ ಜಿ-ಎ-ಟಿ-ಎ ಎಂಬ ನಾಲ್ಕು ಅಕ್ಷರಗಳನ್ನು ಕಂಡಲ್ಲಿ ಅದು ಕೂರುವುದರಿಂದ.

ಈಗ ಮೂಳೆಮಜ್ಜೆಗೆ ಬರೋಣ. ಇನ್ನೂ ಏನೂ ಆಗಿರದ ಎಳೆಯ ಕೋಶದಲ್ಲಿ ಗಾಟಾ-1 ಮತ್ತು ಪಿಯು.1 ಎಂಬ ಎರಡು ಫ್ಯಾಕ್ಟರ್‌ಗಳು ಪರಸ್ಪರ ಅಡ್ಡಗಟ್ಟುತ್ತವೆ. (ಈ ಪಿಯು ನಿನ್ನ ಪಿಯುಸಿಯದಲ್ಲ, ಪ್ಯೂರಿನ್, ಅಂದರೆ ಎ ಮತ್ತು ಜಿ ಅಕ್ಷರಗಳು, ಹೆಚ್ಚಿರುವ ಸಾಲಿನ ಮೇಲೆ ಕೂರುವುದರಿಂದ ಬಂದ ಹೆಸರು.) ಗಾಟಾ-1 ಮೇಲುಗೈ ಪಡೆದರೆ ಕೋಶ ಕೆಂಪು ರಕ್ತಕಣದ ದಾರಿ ಹಿಡಿಯುತ್ತದೆ, ಪಿಯು.1 ಮೇಲುಗೈ ಪಡೆದರೆ ಬಿಳಿಕಣದ ದಾರಿ. ಎರಡು ಪ್ರೋಟೀನ್‌ಗಳೂ ನೇರವಾಗಿ ಒಂದಕ್ಕೊಂದು ಅಂಟಿಕೊಂಡು ಎದುರಾಳಿಯ ಕೆಲಸ ಕೆಡಿಸುತ್ತವೆ. ಜೊತೆಗೆ ಪಿಯು.1 ತನ್ನದೇ ಜೀನಿನ ತೂಬನ್ನೂ ತೆರೆಯುತ್ತದೆ. ಹಾಗಾಗಿ ಒಮ್ಮೆ ಸ್ವಲ್ಪ ಮುಂದಾದದ್ದು ಇನ್ನಷ್ಟು ಮುಂದಾಗುತ್ತದೆ.

ಪ್ರಮಾಣವೂ ಮುಖ್ಯ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎಳೆಯ ಕೋಶಗಳಲ್ಲಿ ಪಿಯು.1 ಹೆಚ್ಚಿದ್ದರೆ ಅವು ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಆದವು, ಕಡಿಮೆ ಇದ್ದರೆ ಬಿ ಕೋಶಗಳಾದವು. ಅದೇ ಫ್ಯಾಕ್ಟರ್, ಪ್ರಮಾಣ ಮಾತ್ರ ಬೇರೆ. ಭತ್ತದ ಗದ್ದೆಯಲ್ಲಿ ನಿಲ್ಲಿಸುವಷ್ಟು ನೀರನ್ನು ರಾಗಿ ಹೊಲದಲ್ಲಿ ನಿಲ್ಲಿಸಿದರೆ ಏನಾಗುತ್ತದೆಂದು ಮಂಡ್ಯದವಳಾದ ನಿನಗೆ ಹೇಳಬೇಕಿಲ್ಲ.

ಬಿ ಕೋಶದ ದಾರಿಯಲ್ಲಿ ಮೂರು ಹೆಸರು ಸಾಕು: ಇ2ಎ, ಇಬಿಎಫ್-1, ಪ್ಯಾಕ್ಸ್-5. ಮೊದಲನೆಯದು ಎರಡನೆಯದರ ಜೀನ್ ತೆರೆಯಲು ನೆರವಾಗುತ್ತದೆ, ಎರಡನೆಯದು ಮೂರನೆಯದರ ಜೀನ್ ತೆರೆಯುತ್ತದೆ. ನನ್ನ ಹೋಲಿಕೆ ಸೋಲುವುದು ಇಲ್ಲಿಯೇ. ಊರಿನ ನೀರುಗಂಟಿಯನ್ನು ಯಾರೋ ನೇಮಿಸಿರುತ್ತಾರೆ. ಕೋಶದೊಳಗಿನ ನೀರುಗಂಟಿ ಹುಟ್ಟುವುದೇ ಹಿಂದಿನವನು ತೆರೆದ ತೂಬಿನಿಂದ. 'ಹೇಳುವವರು ಯಾರು' ಎಂದು ಕೇಳಿದೆಯಲ್ಲ, ಮೇಲೆ ಕೂತು ಹೇಳುವ ಒಬ್ಬ ಯಜಮಾನ ಅಲ್ಲಿಲ್ಲ.

ಪ್ಯಾಕ್ಸ್-5ರ ಕಥೆ ನನಗೆ ತುಂಬ ಪ್ರಿಯವಾದದ್ದು. 1999ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಈ ಜೀನ್ ಇಲ್ಲದ ಇಲಿಗಳ ಎಳೆಯ ಬಿ ಕೋಶಗಳನ್ನು ಪರೀಕ್ಷಿಸಿದರು. ಇ2ಎ, ಇಬಿಎಫ್-1 ಎರಡೂ ಇದ್ದವು, ಬಿ ಕೋಶದ ಹಲವು ತೂಬುಗಳು ಆಗಲೇ ತೆರೆದಿದ್ದವು. ಆದರೂ ಅವು ಬಿ ಕೋಶವಾಗಿ ನಿಲ್ಲಲಿಲ್ಲ. ತಕ್ಕ ಪರಿಸರ ಕೊಟ್ಟಾಗ ಮ್ಯಾಕ್ರೊಫೇಜ್ ಆದವು, ಸೋಂಕಿತ ಕೋಶಗಳನ್ನು ಕೊಲ್ಲುವ ಸಹಜ ಮಾರಕ (ನ್ಯಾಚುರಲ್ ಕಿಲ್ಲರ್) ಕೋಶಗಳಾದವು, ಇಲಿಯ ದೇಹಕ್ಕೆ ಸೇರಿಸಿದಾಗ ಟಿ ಕೋಶಗಳೂ ಆದವು. ಪ್ಯಾಕ್ಸ್-5 ಬಿ ಕೋಶದ ಜೀನ್‌ಗಳನ್ನು ತೆರೆಯುವುದು ನಿಜ. ಆದರೆ ಅದಿಲ್ಲದಾಗ ತಪ್ಪಿಹೋದ ದೊಡ್ಡ ಕೆಲಸ, ಬೇರೆ ಕೋಶಗಳಿಗೆ ಬೇಕಾದ ತೂಬುಗಳನ್ನು ಮುಚ್ಚುವುದು. 2007ರಲ್ಲಿ ಅದೇ ತಂಡದವರು ಪೂರ್ತಿ ಬೆಳೆದ ಬಿ ಕೋಶಗಳಿಂದಲೇ ಪ್ಯಾಕ್ಸ್-5 ತೆಗೆದುಹಾಕಿದರು. ಬೆಳೆದ ಕೋಶಗಳು ಹಿಂದಕ್ಕೆ ನಡೆದು, ಎಳೆಯವಾಗಿ, ಮತ್ತೆ ಟಿ ಕೋಶಗಳಾದವು. ಆ ಇಲಿಗಳಲ್ಲಿ ಕ್ಯಾನ್ಸರ್ ಕೂಡ ಬಂತು. ಮುಚ್ಚಿದ ತೂಬನ್ನು ಒಂದು ದಿನ ಮುಚ್ಚಿದರೆ ಸಾಲದು, ಕೋಶ ಬದುಕಿರುವಷ್ಟು ದಿನವೂ ಕಾಯಬೇಕು. ಅಪ್ಪನ ಲಾಟೀನು ನೆನಪಾಗುವುದು ಇಲ್ಲಿ.

ಟಿ ಕೋಶಕ್ಕೆ ಸ್ಥಳವೂ ಬೇಕು. ಮೂಳೆಮಜ್ಜೆಯಿಂದ ಹೊರಟ ಎಳೆಯ ಕೋಶ ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯನ್ನು ಸೇರುತ್ತದೆ. ಅಲ್ಲಿನ ಕೋಶಗಳು ಇದನ್ನು ಮುಟ್ಟಿದಾಗ, ಇದರ ಮೈಮೇಲಿರುವ ನಾಚ್ ಎಂಬ ಗ್ರಾಹಕದ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್, ರಿಸೆಪ್ಟರ್) ಒಳತುಂಡು ಕತ್ತರಿಸಿಹೋಗುತ್ತದೆ. ಆ ತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯ ಮೇಲೆ ಕೂತ ಜೊತೆಗಾರ ಪ್ರೋಟೀನನ್ನು ಸೇರಿ ಜೀನ್‌ಗಳನ್ನು ತೆರೆಯುತ್ತದೆ. ಹೊರಗಿನ ಸ್ಪರ್ಶವೇ ಒಳಗೆ ಹೋಗಿ ಕೈ ಹಾಕಿದಂತೆ! ಆಮೇಲೆ ಟಿಸಿಎಫ್-1, ಗಾಟಾ-3, ಬಿಸಿಎಲ್11ಬಿ ಎಂಬವು ಬರುತ್ತವೆ. ಕೊನೆಯದು ಬಂದ ಮೇಲೆ ಕೋಶಕ್ಕೆ ಬೇರೆ ದಾರಿಯಿಲ್ಲ. ನಾಚ್ ಇಲ್ಲದಂತೆ ಮಾಡಿದ ಇಲಿಗಳ ಥೈಮಸ್‌ನಲ್ಲಿ ಟಿ ಕೋಶಗಳ ಬದಲು ಬಿ ಕೋಶಗಳು ತುಂಬಿಕೊಂಡಿದ್ದವು.

ಒಂದು ತಿದ್ದುಪಡಿ. 'ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ' ಎಂಬ ಮಾತಿಗೆ ಈ ಬಿ ಮತ್ತು ಟಿ ಕೋಶಗಳೇ ಅಪವಾದ. ರೋಗಾಣುವನ್ನು ಗುರುತಿಸುವ ಗ್ರಾಹಕದ ಜೀನನ್ನು ಅವು ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಪ್ರತಿಕಾಯಗಳ ವಿಷಯದಲ್ಲಿ ಇದನ್ನು ತೋರಿಸಿದ ಸುಸುಮು ತೊನೆಗಾವಾ ಅವರಿಗೆ 1987ರ ನೊಬೆಲ್ ಬಂತು. ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆ, ಮನಸ್ಸಿನಲ್ಲಿ ಇದೂ ಇರಲಿ.

ಪ್ರಶ್ನೆ: ಟಿ ಕೋಶದ ಟಿ ಎಂದರೆ ಥೈಮಸ್. ಬಿ ಎಂದರೆ ಬೋನ್ ಮ್ಯಾರೋ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇನೆ. ತಪ್ಪೇ? – ಶಿಕ್ಷಕರು, ನಂಜನಗೂಡು

ಉತ್ತರ: ನೆನಪಿಟ್ಟುಕೊಳ್ಳಲು ಅನುಕೂಲ, ಆದರೆ ಹೆಸರು ಬಂದದ್ದು ಕೋಳಿಯಿಂದ. ಕೋಳಿಯ ಹಿಂಭಾಗದಲ್ಲಿ, ಹಿಕ್ಕೆ ಹೊರಬರುವ ದ್ವಾರದ ಬಳಿ, ಬರ್ಸಾ ಎಂಬ ಪುಟ್ಟ ಚೀಲವಿದೆ. ಅದನ್ನು ಮರಿಯಲ್ಲೇ ತೆಗೆದರೆ ಮುಂದೆ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲ ಎಂಬುದನ್ನು ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಜೊತೆಗಾರರು 1956ರಲ್ಲಿ ಕೋಳಿ ಸಾಕಣೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ನಮಗೆ ಬರ್ಸಾ ಇಲ್ಲ. ಆ ಕೆಲಸವನ್ನು ಮೂಳೆಮಜ್ಜೆ ಮಾಡುತ್ತದೆ. ನಾಳೆ ತರಗತಿಯಲ್ಲಿ ಕೋಳಿಯ ಕಥೆ ಹೇಳಿ, ಮಕ್ಕಳು ಮರೆಯುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ರುಮಟಾಯ್ಡ್ ಸಂಧಿವಾತವಿದೆ. ಡಾಕ್ಟರು ಮೆಥೊಟ್ರೆಕ್ಸೇಟ್ ಮತ್ತು ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್ ಕೊಟ್ಟಿದ್ದಾರೆ. ನೆಂಟರೊಬ್ಬರು 'ರೋಗನಿರೋಧಕ ಶಕ್ತಿಯನ್ನು ದುಪ್ಪಟ್ಟು ಮಾಡುವ' ಪುಡಿಯೊಂದನ್ನು ತಂದುಕೊಟ್ಟಿದ್ದಾರೆ. ಕೊಡಬಹುದೇ? – ಓದುಗರು, ಮದ್ದೂರು

ಉತ್ತರ: ಬೇಡ. ಉತ್ತರ ಇಷ್ಟೇ, ಆದರೆ ಕಾರಣ ಹೇಳದೆ ಬಿಟ್ಟರೆ ನಿಮ್ಮ ನೆಂಟರಿಗೆ ನೀವು ಏನು ಹೇಳುತ್ತೀರಿ?

1949ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ವಿಚಿತ್ರ ಗಂಡು ಇಲಿಮರಿಗಳು ಹುಟ್ಟಿದವು. ಚರ್ಮ ಹೊಟ್ಟುಹೊಟ್ಟಾಗಿ ಏಳುತ್ತಿತ್ತು, ಗುಲ್ಮ ಮತ್ತು ಹಾಲುರಸ (ಲಿಂಫ್) ಗ್ರಂಥಿಗಳು ಊದಿಕೊಂಡಿದ್ದವು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅವಕ್ಕೆ ಸೋಂಕು ತಗಲಿರಲಿಲ್ಲ, ಅವುಗಳ ಟಿ ಕೋಶಗಳೇ ಅವುಗಳ ಅಂಗಗಳ ಮೇಲೆ ಬಿದ್ದಿದ್ದವು. ಅರ್ಧ ಶತಮಾನ ಕಳೆದ ಮೇಲೆ, 2001ರಲ್ಲಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಕಾರಣ ಹುಡುಕಿದರು. ಎಕ್ಸ್ ವರ್ಣತಂತುವಿನ ಒಂದು ಜೀನಿನಲ್ಲಿ ಎರಡೇ ಎರಡು ಅಕ್ಷರ ಹೆಚ್ಚಾಗಿತ್ತು. ಫಾಕ್ಸ್‌ಪಿ3 ಎಂದು ಹೆಸರಾದ ಆ ಜೀನ್ ತಯಾರಿಸುವುದು ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು. ಅದೇ ಜೀನ್ ಕೆಟ್ಟ ಗಂಡುಮಕ್ಕಳಲ್ಲಿ ಹುಟ್ಟಿದ ಕೆಲವೇ ದಿನ ಅಥವಾ ತಿಂಗಳುಗಳಲ್ಲಿ ನಿಲ್ಲದ ಭೇದಿ, ಮಧುಮೇಹ, ಚರ್ಮದ ಉರಿಯೂತ ಕಾಣಿಸುತ್ತದೆ. ಜಪಾನಿನ ಶಿಮೊನ್ ಸಕಗುಚಿ ಅವರು 1995ರಲ್ಲೇ ಇತರ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ವಿಶೇಷ ಟಿ ಕೋಶಗಳನ್ನು ಗುರುತಿಸಿದ್ದರು. ಆ ಕಾವಲು ಕೋಶಗಳನ್ನು ರೂಪಿಸುವುದು ಫಾಕ್ಸ್‌ಪಿ3 ಎಂಬುದು 2003ರಲ್ಲಿ ತಿಳಿಯಿತು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂದಿದೆ.

ರೋಗನಿರೋಧಕ ಶಕ್ತಿ ಎಂದರೆ ಹೆಚ್ಚಿದಷ್ಟೂ ಒಳ್ಳೆಯದಾಗುವ ವಸ್ತು ಎಂದು ಜಾಹೀರಾತುಗಳು ನಮ್ಮನ್ನು ನಂಬಿಸಿವೆ. ಆ ಇಲಿಮರಿಗಳನ್ನು ಕೊಂದದ್ದು ಅಂಕೆ ತಪ್ಪಿದ ಅದೇ ಶಕ್ತಿ. ನಿಮ್ಮ ಮನೆಯವರ ಬೆರಳಿನ ಕೀಲುಗಳು ಬೆಳಿಗ್ಗೆ ಎದ್ದಾಗ ಬಿಗಿದಿರುವುದು ಕೂಡ ಸ್ವಂತ ರೋಗನಿರೋಧಕ ಕೋಶಗಳು ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಿರುವುದರಿಂದ. ಡಾಕ್ಟರು ಅದನ್ನು ತಗ್ಗಿಸಲು ಮಾತ್ರೆ ಕೊಟ್ಟಿದ್ದಾರೆ. ಪುಡಿ ಮಾರುವವನು ಏರಿಸುತ್ತೇನೆ ಎನ್ನುತ್ತಾನೆ. ಅವನ ಮಾತು ಸುಳ್ಳಾದರೆ ಹಣ ಹೋಯಿತು, ನಿಜವಾದರೆ ಕೀಲು ಹೋಯಿತು. ಇಂಥ ಪುಡಿಗಳಲ್ಲಿ ಏನು ಬೆರೆತಿದೆಯೆಂದು ಪೊಟ್ಟಣ ನೋಡಿ ಹೇಳಲಾಗದು, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಯಕೃತ್ತನ್ನು ಮೊದಲೇ ಜೋಪಾನ ಮಾಡಬೇಕು.

ಅವರು ನುಂಗುವ ಪ್ರೆಡ್ನಿಸೊಲೋನ್ ಕೂಡ ಇದೇ ಕುಟುಂಬದ ಕಥೆ. ದೇಹದೊಳಗೆ ಸೇರಿದ ಆ ಔಷಧ, ಕೋಶದಲ್ಲಿ ಸುಮ್ಮನಿರುವ ಒಂದು ಗ್ರಾಹಕವನ್ನು ಹಿಡಿಯುತ್ತದೆ. ಗ್ರಾಹಕ ಕೋಶಕೇಂದ್ರಕ್ಕೆ ಹೋಗಿ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಆಗಿ ಕೆಲಸ ಮಾಡಿ ಉರಿಯೂತದ ಜೀನ್‌ಗಳನ್ನು ತಗ್ಗಿಸುತ್ತದೆ. ಬಹಳ ದಿನ ತೆಗೆದುಕೊಂಡವರಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಕೆಯನ್ನು ಕಡಿಮೆ ಮಾಡಿರುತ್ತದೆ. ಆದ್ದರಿಂದ ನೋವು ಕಡಿಮೆಯಾಯಿತೆಂದು ನೀವಾಗಿಯೇ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಲಸಿಕೆಗಳ ಬಗ್ಗೆಯೂ ಅದೇ ಡಾಕ್ಟರನ್ನು ಕೇಳಿ. ಇಂಥ ಔಷಧಗಳ ಮೇಲಿರುವವರಿಗೆ ಸೋಂಕಿನಿಂದ ನಿಜವಾದ ರಕ್ಷಣೆ ಬೇಕಾದರೆ ಇರುವ ದಾರಿ ಅದು.

ಪ್ರಶ್ನೆ: ನನ್ನ ತಮ್ಮನಿಗೆ ಎಪಿಎಲ್ ಎಂಬ ರಕ್ತದ ಕ್ಯಾನ್ಸರ್ ಇತ್ತು. ಈಗ ಚೇತರಿಸಿಕೊಂಡಿದ್ದಾನೆ. 'ಆಟ್ರಾ' ಎಂಬ ಮಾತ್ರೆಯನ್ನು ಎರಡು ವಾರ ತೆಗೆದುಕೊಂಡು ಎರಡು ವಾರ ಬಿಡಬೇಕು ಎಂದಿದ್ದಾರೆ. ಅದು ಎ ವಿಟಮಿನ್‌ನಿಂದ ಬಂದದ್ದಂತೆ. ಬಿಡುವಿನ ವಾರಗಳಲ್ಲಿ ಕ್ಯಾರೆಟ್ ರಸ, ಎ ವಿಟಮಿನ್ ಗುಳಿಗೆ ಕೊಟ್ಟರೆ ಒಳ್ಳೆಯದಲ್ಲವೇ? – ಅಕ್ಕ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಪತ್ರ ಓದಿದಾಗ ಬಹಳ ಹಿಂದಿನ ಒಂದು ಸಂಜೆ ಕಣ್ಣಮುಂದೆ ಬಂತು. ಒಸಡಿನಲ್ಲಿ ರಕ್ತ, ತೊಡೆಯ ಮೇಲೆ ನೀಲಿ ಕಲೆ ಎಂದು ಬಂದ ಒಬ್ಬ ಯುವಕನ ಸ್ಲೈಡ್. ಮಸೂರದ ಕೆಳಗೆ ದೊಡ್ಡ ದೊಡ್ಡ ಎಳೆಯ ಕೋಶಗಳು, ಒಂದರೊಳಗೆ ಕೆನ್ನೇರಳೆ ಕಡ್ಡಿಗಳು ಕಬ್ಬಿನ ಜಲ್ಲೆಗಳನ್ನು ಕಟ್ಟಿಟ್ಟ ಹಾಗೆ ಗುಂಪಾಗಿ ಮಲಗಿದ್ದವು. ಈ ರೋಗದಲ್ಲಿ ಮೊದಲ ದಿನಗಳ ರಕ್ತಸ್ರಾವವೇ ಪ್ರಾಣ ತೆಗೆಯುತ್ತದೆ. ವರದಿ ಬರೆಯುವ ಮೊದಲೇ ಮೆಟ್ಟಿಲು ಹತ್ತಿ ವಾರ್ಡಿಗೆ ಓಡಿದ್ದೆ. ಆ ಹುಡುಗ ಗುಣಮುಖನಾಗಿ ನಡೆದುಕೊಂಡು ಮನೆಗೆ ಹೋದ.

ಈ ರೋಗದಲ್ಲಿ 15 ಮತ್ತು 17ನೇ ವರ್ಣತಂತುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಆಗ ಎ ವಿಟಮಿನ್‌ನ ಆಮ್ಲರೂಪವನ್ನು ಗುರುತಿಸುವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರೊಂದು ಬೇರೊಂದು ಪ್ರೋಟೀನ್‌ನ ಜೊತೆ ಬೆಸೆದುಹೋಗುತ್ತದೆ. ಕೋಶ ಬಲಿತು ನ್ಯೂಟ್ರೋಫಿಲ್ ಆಗಲು ತೆರೆಯಬೇಕಾದ ತೂಬುಗಳನ್ನು ಈ ಬೆಸುಗೆಯ ಪ್ರೋಟೀನ್ ಬಿಗಿಯಾಗಿ ಮುಚ್ಚಿ ಕೂರುತ್ತದೆ. ಕೋಶಗಳು ಎಳೆಯವಾಗಿಯೇ ಉಳಿದು ಮಜ್ಜೆಯನ್ನು ತುಂಬುತ್ತವೆ. ದೇಹದಲ್ಲಿ ಸಹಜವಾಗಿ ಇರುವಷ್ಟು ಆಮ್ಲಕ್ಕೆ ಆ ಬಾಗಿಲು ಜಗ್ಗುವುದಿಲ್ಲ. ಔಷಧದ ಪ್ರಮಾಣದಲ್ಲಿ ಆಟ್ರಾ ಕೊಟ್ಟಾಗ ಜಗ್ಗುತ್ತದೆ. ಎಳೆಯ ಕೋಶಗಳು ಸಾಯುವ ಬದಲು ಬಲಿತು, ತಮ್ಮ ಆಯಸ್ಸು ಮುಗಿಸಿ ಹೋಗುತ್ತವೆ. ಶಾಂಘೈನ ವಾಂಗ್ ಝೆನ್‌ಯಿ ಅವರ ತಂಡ 1988ರಲ್ಲಿ 24 ರೋಗಿಗಳ ವಿವರ ಪ್ರಕಟಿಸಿತು. ಅವರಲ್ಲಿ 23 ಮಂದಿಯ ರೋಗ ಈ ಒಂದೇ ಔಷಧದಿಂದ ಹತೋಟಿಗೆ ಬಂದಿತ್ತು. ಹತೋಟಿಗೆ ಬಂದದ್ದು ಮರಳದಂತೆ ಮಾಡಲು ಇತರ ಔಷಧಗಳೂ ಬೇಕು. ಇಂದು ಆಟ್ರಾ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಡುತ್ತಾರೆ, ಅದು ಆ ಬೆಸುಗೆಯ ಪ್ರೋಟೀನನ್ನೇ ನಾಶಮಾಡುತ್ತದೆ. ಮೊದಲ ವಾರಗಳನ್ನು ದಾಟಿದ ಬಹುಪಾಲು ರೋಗಿಗಳು ಪೂರ್ಣ ಗುಣವಾಗುತ್ತಾರೆ. ನಿಮ್ಮ ತಮ್ಮ ಆ ವಾರಗಳನ್ನು ದಾಟಿದ್ದಾನೆ.

ಇನ್ನು ಕ್ಯಾರೆಟ್. ಅದರಲ್ಲಿರುವುದು ಬೀಟಾ ಕ್ಯಾರೊಟಿನ್. ದೇಹ ತನಗೆ ಬೇಕಾದಷ್ಟನ್ನು ಮಾತ್ರ ಎ ವಿಟಮಿನ್ ಮಾಡಿಕೊಳ್ಳುತ್ತದೆ. ಎಷ್ಟು ರಸ ಕುಡಿದರೂ ಔಷಧದ ಮಟ್ಟ ಮುಟ್ಟುವುದಿಲ್ಲ, ಅಂಗೈ ಹಳದಿಯಾಗಬಹುದು ಅಷ್ಟೇ. ಗುಳಿಗೆ ಹಾಗಲ್ಲ, ಅದು ಅಪಾಯ. ಎ ವಿಟಮಿನ್ ಅತಿಯಾದರೆ ಯಕೃತ್ತಿಗೆ ಹಾನಿ, ತಲೆಬುರುಡೆಯೊಳಗಿನ ಒತ್ತಡವೂ ಏರುತ್ತದೆ. ಆಟ್ರಾ ತೆಗೆದುಕೊಳ್ಳುವವರಲ್ಲಿ ಆ ಅಪಾಯ ಇನ್ನೂ ಹೆಚ್ಚು. ಎರಡು ವಾರದ ಬಿಡುವನ್ನು ಖಾಲಿ ಬಿಟ್ಟ ಜಾಗ ಎಂದು ತಿಳಿಯಬೇಡಿ, ಅದೂ ಚಿಕಿತ್ಸೆಯ ಲೆಕ್ಕದಲ್ಲೇ ಇದೆ. ನಮ್ಮ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರಲ್ಲ, ಹಾಗೆ. ನಿಲ್ಲಿಸಿದ ದಿನಗಳಲ್ಲಿ ಯಾರೂ ಬೇರೆ ಕಡೆಯಿಂದ ನೀರು ಹಾಯಿಸುವುದಿಲ್ಲ.

ಕ್ಯಾರೆಟ್ ಪಲ್ಯ, ನುಗ್ಗೆಸೊಪ್ಪಿನ ಸಾರು ಎಲ್ಲರ ಜೊತೆ ಅವನೂ ಉಣ್ಣಲಿ. ಗುಳಿಗೆಯ ಡಬ್ಬಿಯನ್ನು ಕಪಾಟಿನಿಂದಲೇ ತೆಗೆದುಬಿಡಿ. ಮಾತ್ರೆ ನುಂಗುವ ವಾರಗಳ ಮೊದಲ ಮತ್ತು ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ಉಸಿರು ಕಟ್ಟುವುದು, ಇದ್ದಕ್ಕಿದ್ದಂತೆ ಮೈ ಊದಿ ತೂಕ ಏರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ.